ಎಂಜಿನ್ ಬದಲಿಸಿದ ಕಾರಿನ ಇಸಿಯು, ವೈರಿಂಗ್, ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಇಳಿಸಿ ಕೂರಿಸುವವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೌಂಟ್ ಮಾಡಿಸುವುದು, ಗೇರ್‌ಬಾಕ್ಸ್ ಜೋಡಿಸುವುದು, ರೇಡಿಯೇಟರ್‌ಗೆ ಜಾಗ ಮಾಡುವುದು, ಇದೆಲ್ಲ ಬೈಕಂಪಾಡಿಯಲ್ಲೋ ಮಣಿಪಾಲದಲ್ಲೋ ಕೆಲವು ವಾರದಲ್ಲಿ ಮುಗಿಯುತ್ತದೆ. ಆಮೇಲೆ ಗಾಡಿ ಟಾರ್ಪಾಲಿನ ಅಡಿ ತಿಂಗಳುಗಟ್ಟಲೆ ನಿಲ್ಲುವುದು ವೈರಿಂಗ್‌ನಿಂದ.

ನಾನು ಇಂಥ ಗಾಡಿಗಳ ವೈರಿಂಗ್ ಮಾಡುತ್ತೇನೆ. ಫೋನಿನಲ್ಲಿ, ಮೆಸೇಜಿನಲ್ಲಿ, ಗಾಡಿಯ ಪಕ್ಕ ನಿಂತು ಜನ ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಸೆನ್ಸರ್ ನಿಜವಾಗಿ ಕೆಟ್ಟಿದ್ದು ಕಡಿಮೆ. ಅದಕ್ಕೆ ಹೋಗುವ ಕರೆಂಟು, ಅರ್ತ್ (ಕರೆಂಟು ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಕಪ್ಲರ್ (ವೈರ್‌ಗಳನ್ನು ಸಿಕ್ಕಿಸುವ ಪ್ಲಗ್) ಕೆಟ್ಟಿದ್ದೇ ಜಾಸ್ತಿ.

## ಶುರು ಮಾಡುವ ಮೊದಲು

ಎಂಜಿನ್ ಮಾತ್ರ ತಂದ್ರೆ ಸಾಕಾ? ವೈರಿಂಗ್ ಆಮೇಲೆ ನೋಡಿಕೊಳ್ಳಬಹುದಲ್ವಾ?

ಸಾಲದು. ಎಂಜಿನ್ ಜೊತೆ ಅದೇ ಗಾಡಿಯ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ಎಂಜಿನ್ ಹಾರ್ನೆಸ್ (ವೈರ್‌ಗಳ ಕಟ್ಟು), ಫ್ಯೂಸ್ ಮತ್ತು ರಿಲೇ ಬಾಕ್ಸ್, ಕೀ, ಕೀ ತೂತಿನ ಸುತ್ತ ಇರುವ ಇಮೊಬಿಲೈಸರ್ (ಬೇರೆ ಕೀಯಲ್ಲಿ ಎಂಜಿನ್ ಓಡದಂತೆ ತಡೆಯುವ) ರಿಂಗ್ ಬೇಕು. ಆಕ್ಸಿಲರೇಟರ್ ಕೇಬಲ್ ಇಲ್ಲದ ಎಂಜಿನ್ ಆದರೆ ಪೆಡಲ್ ಕೂಡ ಬೇಕು. ಏರ್ ಫಿಲ್ಟರ್ ಬಾಕ್ಸನ್ನೂ ಬಿಡಬೇಡಿ. ಕೆಲವು ಎಂಜಿನ್‌ಗಳಲ್ಲಿ ಗಾಳಿ ಅಳೆಯುವ ಸೆನ್ಸರ್ ಅದರ ಬಾಯಲ್ಲೇ ಇರುತ್ತದೆ. ಆ ಕೊಳವೆಯ ಅಗಲ ಬದಲಾದರೆ ಇಸಿಯು ಹಾಕುವ ಗಾಳಿಯ ಲೆಕ್ಕವೇ ತಪ್ಪುತ್ತದೆ.

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಎಂಜಿನ್ ತರುವವರು ತುಂಬಾ ಜನ. ಅಲ್ಲಿ ಎಂಜಿನ್ ಬೇಗ ಇಳಿಸಲಿಕ್ಕೆ ಹಾರ್ನೆಸ್ಸನ್ನು ಕಟರ್‌ನಲ್ಲಿ ಕತ್ತರಿಸಿ ಬಿಡುವುದುಂಟು. "ವೈರ್ ಕತ್ತರಿಸಬೇಡಿ, ಕಪ್ಲರ್ ಬಿಚ್ಚಿ ಕೊಡಿ" ಎಂದು ಮೊದಲೇ ಹೇಳಿ. ಅದಕ್ಕೆ ಸ್ವಲ್ಪ ದುಡ್ಡು ಜಾಸ್ತಿ ಕೇಳಿದರೂ ಕೊಡಿ. ಕತ್ತರಿಸಿದ 60 ವೈರ್‌ಗಳನ್ನು ಒಂದೊಂದಾಗಿ ಗುರುತಿಸುವುದಕ್ಕೆ ಹೋಗುವ ದಿನಗಳ ಕೂಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಬಿಚ್ಚುವ ಮೊದಲು ಪ್ರತಿ ಕಪ್ಲರ್‌ನ ಫೋಟೋ ತೆಗೆದು, ಅದರ ಮೇಲೆ ಟೇಪ್ ಅಂಟಿಸಿ ಹೆಸರು ಬರೆಯಿರಿ.

ಇಸಿಯು ಅಂದ್ರೆ ಎಂತ ಮಾಡ್ತದೆ? ಕಾರ್ಬ್ಯುರೇಟರ್ ಗಾಡಿಯವನಿಗೆ ಅರ್ಥ ಆಗುವ ಹಾಗೆ ಹೇಳಿ.

ಕಾರ್ಬ್ಯುರೇಟರ್ ಮತ್ತು ಡಿಸ್ಟ್ರಿಬ್ಯೂಟರ್ ಸೇರಿ ಮಾಡುತ್ತಿದ್ದ ಕೆಲಸವನ್ನು ಇದೊಂದೇ ಮಾಡುತ್ತದೆ. ಅದಕ್ಕೆ ಮೂರು ವಿಷಯ ಗೊತ್ತಾಗಬೇಕು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಈಗ ಎಲ್ಲಿದೆ? ಒಳಗೆ ಎಷ್ಟು ಗಾಳಿ ಹೋಗುತ್ತಿದೆ? ಎಂಜಿನ್ ಎಷ್ಟು ಬಿಸಿ? ಕ್ರ್ಯಾಂಕ್ ಸೆನ್ಸರ್ ಮೊದಲನೆಯದನ್ನು, ಮ್ಯಾಪ್ (ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವುದು) ಅಥವಾ ಏರ್‌ಫ್ಲೋ ಸೆನ್ಸರ್ ಎರಡನೆಯದನ್ನು, ಕೂಲಂಟ್ (ಎಂಜಿನ್ ತಣಿಸುವ ನೀರು) ಸೆನ್ಸರ್ ಮೂರನೆಯದನ್ನು ಹೇಳುತ್ತವೆ. ಉಳಿದ ಸೆನ್ಸರ್‌ಗಳು ಈ ಲೆಕ್ಕವನ್ನು ತಿದ್ದಲಿಕ್ಕೆ ಇರುವವು. ಲೆಕ್ಕ ಆದ ಮೇಲೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು, ಸ್ಪಾರ್ಕ್ ಯಾವಾಗ ಹಾರಬೇಕು ಎಂದು ಇಸಿಯು ನಿರ್ಧರಿಸುತ್ತದೆ. ಹೊಸ ಬಾಡಿಯಲ್ಲಿ ಎಂಜಿನ್ ಓಡಬೇಕಾದರೆ ಮೊದಲು ಈ ಮೂರನ್ನು ಸರಿಮಾಡಿ. ಉಳಿದದ್ದು ಎರಡನೇ ದಿನದ ಕೆಲಸ.

ಬೇರೆ ಎಂಜಿನ್ ಹಾಕಿದ್ರೆ ಆರ್‌ಟಿಒದವರು ಬಿಡ್ತಾರಾ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿ. ತಯಾರಕರು ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಹಾಕುವುದಾದರೆ ಮೊದಲೇ ಆರ್‌ಟಿಒ ಅನುಮತಿ ತೆಗೆದುಕೊಂಡು, ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಸೇರಿಸಬೇಕು. ಮಂಗಳೂರಿನ ಕೆಎ 19 ಆದರೂ ಉಡುಪಿಯ ಕೆಎ 20 ಆದರೂ ನಿಯಮ ಒಂದೇ. ಎಂಜಿನ್ ಖರೀದಿ ಮಾಡುವ ಮೊದಲು ಹೋಗಿ ಕೇಳಿ. ಗುಜರಿಯಿಂದ ತರುವಾಗ ಬಿಲ್ ಇಲ್ಲದೆ ತರಬೇಡಿ. ಅನುಮತಿ ಸಿಗದ ಗಾಡಿ ಟ್ರ್ಯಾಕಿಗೆ, ಆಟೊಕ್ರಾಸಿಗೆ ಟ್ರೈಲರ್ ಮೇಲೆ ಹೋಗಿ ಬರಲಿ. ರಸ್ತೆಯಲ್ಲಿ ಓಡಿಸಿ ಒಂದು ಅಪಘಾತವಾದರೆ ಇನ್ಶೂರೆನ್ಸ್ ಕೈಬಿಡಬಹುದು. ಆ ನಷ್ಟ ಎದುರಿಗೆ ಬಂದವರದೂ ಹೌದು.

ಯಾವ ಯಾವ ಟೂಲ್ ತೆಗೆದಿಟ್ಟುಕೊಳ್ಳಬೇಕು?

ಒಳ್ಳೆಯ ಮಲ್ಟಿಮೀಟರ್, 12 ವೋಲ್ಟ್ ಟೆಸ್ಟ್ ಲ್ಯಾಂಪ್, ಲೈವ್ ಡೇಟಾ (ಇಸಿಯು ಆ ಹೊತ್ತಿಗೆ ಓದುತ್ತಿರುವ ಅಂಕಿಗಳು) ತೋರಿಸುವ ಸ್ಕ್ಯಾನರ್. ಇವೆಲ್ಲಕ್ಕಿಂತ ಮುಖ್ಯ ಆ ಎಂಜಿನ್‌ನ ವೈರಿಂಗ್ ಡಯಾಗ್ರಾಂ. ಅದಿಲ್ಲದೆ ಕೈ ಹಾಕಬೇಡಿ. ವೈರಿನ ಬಣ್ಣ ನೋಡಿ ಅಂದಾಜು ಮಾಡುವುದು ಇಸಿಯು ಸುಡುವ ದಾರಿ.

ಮೌಂಟ್ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಬಿಚ್ಚಿದ್ರೆ ಸಾಕಲ್ಲ?

ಇಸಿಯುವಿನ ಕಪ್ಲರನ್ನೂ ಬಿಚ್ಚಿ. ಸಾಧ್ಯವಾದರೆ ಇಸಿಯುವನ್ನು ಗಾಡಿಯಿಂದಲೇ ಹೊರಗೆ ತೆಗೆದಿಡಿ. ವೆಲ್ಡಿಂಗ್ ಅರ್ತ್ ಕ್ಲ್ಯಾಂಪನ್ನು ಬೆಸುಗೆ ಹಾಕುವ ಜಾಗದ ಹತ್ತಿರವೇ ಹಾಕಿ.

## ಕರೆಂಟು, ಅರ್ತ್, ಪೆಟ್ರೋಲು

ಎಲ್ಲಾ ವೈರ್ ಕೊಟ್ಟಾಗಿದೆ. ಸೆಲ್ಫ್ ತಿರುಗ್ತದೆ, ಸ್ಟಾರ್ಟ್ ಆಗುವುದಿಲ್ಲ. ಎಲ್ಲಿಂದ ಹುಡುಕುವುದು ಮಾರಾಯ್ರೇ?

ಕೀ ಆನ್ ಮಾಡಿ. ಚೆಕ್ ಎಂಜಿನ್ ಲೈಟ್ ಬರುತ್ತದಾ? ಬರದಿದ್ದರೆ ಇಸಿಯುಗೇ ಜೀವ ಬಂದಿಲ್ಲ, ಮುಂದೆ ಹೋಗಬೇಡಿ. ಬಂದರೆ, ಎರಡು ಮೂರು ಸೆಕೆಂಡು ಫ್ಯೂಯಲ್ ಪಂಪಿನ ಸದ್ದು ಕೇಳಬೇಕು. ಕೇಳದಿದ್ದರೆ ಪಂಪ್ ರಿಲೇ ನೋಡಿ. ಆಮೇಲೆ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. 200 ಹತ್ತಿರ ಏನೋ ಒಂದು ಅಂಕಿ ಬಂದರೆ ಕ್ರ್ಯಾಂಕ್ ಸೆನ್ಸರ್ ಮಾತಾಡುತ್ತಿದೆ. ಸೊನ್ನೆ ಬಂದರೆ ಇಸಿಯು ಪಾಲಿಗೆ ಎಂಜಿನ್ ತಿರುಗುತ್ತಲೇ ಇಲ್ಲ. ಹಾಗಿದ್ದಾಗ ಅದು ಸ್ಪಾರ್ಕನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಕೊಡುವುದಿಲ್ಲ. ಪ್ಲಗ್ ಬಿಚ್ಚಿ, ಕಾಯಿಲ್ ಬದಲಿಸಿ ಪ್ರಯೋಜನವಿಲ್ಲ.

ಈ ಕ್ರಮ ತಪ್ಪಿಸಬೇಡಿ. ನಡುವಿನ ಒಂದು ಮೆಟ್ಟಿಲು ಹಾರಿದವರೇ ಸುಮ್ನೆ ಸ್ಪೇರ್ ಖರೀದಿ ಮಾಡುತ್ತಾ ಹೋಗುವುದು.

ಕೀ ಆನ್ ಇದ್ದಾಗ ಎಲ್ಲ ಸರಿ ಉಂಟು. ಸೆಲ್ಫ್ ಹೊಡೆದ ಕೂಡ್ಲೆ ಇಸಿಯು ಆಫ್ ಆಗ್ತದೆ.

ಹಳೆಯ ಗಾಡಿಗಳ ಕೀ ಸ್ವಿಚ್ಚಿನಲ್ಲಿ ಇದು ತುಂಬಾ ಮಾಮೂಲಿ. ಅಲ್ಲಿ ಕೆಲವು ವೈರ್‌ಗಳಿಗೆ ಕೀ ಆನ್‌ನಲ್ಲಿ ಕರೆಂಟು ಬರುತ್ತದೆ, ಸ್ಟಾರ್ಟ್ ಸ್ಥಾನಕ್ಕೆ ತಿರುಗಿಸಿದಾಗ ನಿಲ್ಲುತ್ತದೆ. ಬ್ಲೋವರ್, ರೇಡಿಯೋ, ವೈಪರ್ ಇಂಥ ವೈರ್‌ನಲ್ಲಿ ಇರುತ್ತವೆ. ಅದರಿಂದ ಇಸಿಯುಗೆ ಕರೆಂಟು ತೆಗೆದರೆ ಬೇಕಾದ ಹೊತ್ತಿಗೇ ಅದು ಸಾಯುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ಸೆಲ್ಫ್ ಹೊಡೆಯಿರಿ. ಆನ್ ಮತ್ತು ಸ್ಟಾರ್ಟ್ ಎರಡರಲ್ಲೂ ಉರಿಯುವ ವೈರನ್ನು ಹುಡುಕಿ, ಅದರಿಂದ ಮೇನ್ ರಿಲೇ ಎಳೆಯಿಸಿ. ಇಸಿಯುಗೆ ಕರೆಂಟು ರಿಲೇ ಮೂಲಕ ನೇರ ಬ್ಯಾಟರಿಯಿಂದ ಬರಲಿ. ಬ್ಯಾಟರಿ ದುರ್ಬಲವಾಗಿದ್ದರೂ ಇದೇ ಲಕ್ಷಣ ಕಾಣಿಸುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟು ನೋಡಿ. 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಮೊದಲು ಬ್ಯಾಟರಿ ಬದಲಿಸಿ.

ಅರ್ತ್ ಅಂದ್ರೆ ಬಾಡಿಗೆ ಒಂದು ಬೋಲ್ಟ್ ಹಾಕಿದ್ರೆ ಆಯ್ತಲ್ಲ, ಅದರಲ್ಲಿ ಎಂತ ಉಂಟು?

ಎಲ್ಲವೂ ಅದರಲ್ಲೇ ಉಂಟು. ಕಾರ್ಬ್ಯುರೇಟರ್ ಕಾಲದಲ್ಲಿ ಅರ್ತ್ ಕೆಟ್ಟರೆ ಲೈಟ್ ಮಂದವಾಗುತ್ತಿತ್ತು, ಅಷ್ಟೇ. ಈಗ ಸೆನ್ಸರ್ ಕೊಡುವ ಸುದ್ದಿ 0 ಮತ್ತು 5 ವೋಲ್ಟಿನ ನಡುವೆ ಇರುತ್ತದೆ. ಅರ್ತ್‌ನಲ್ಲಿ ಅರ್ಧ ವೋಲ್ಟ್ ಕಳೆದುಹೋದರೆ ಆ ಸುದ್ದಿಯೇ ಸುಳ್ಳಾಗುತ್ತದೆ.

ಒಂದು ಹಳೆಯ ಜಿಪ್ಸಿಗೆ ಬಲೆನೊದ 1.6 ಲೀಟರ್ ಎಂಜಿನ್ ಕೂರಿಸಿದ್ದರು. ಆಫ್‌ರೋಡ್ ಸ್ಪರ್ಧೆಯ ಗಾಡಿ. ತಣ್ಣಗಿದ್ದಾಗ ಚೆನ್ನಾಗಿ ಓಡುತ್ತಿತ್ತು. ಬಿಸಿಯಾಗಿ ಫ್ಯಾನ್ ತಿರುಗಲು ಶುರುವಾದ ಕೂಡಲೇ ಮಿಸ್ಸಿಂಗ್. ನಾನು ಎರಡು ದಿನ ಸೆನ್ಸರ್‌ಗಳ ಹಿಂದೆ ಹೋದೆ. ಕೊನೆಗೆ ಸಿಕ್ಕಿದ್ದು ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ. ಹೊಸ ಪೇಂಟಿನ ಮೇಲೆಯೇ ಬೋಲ್ಟ್ ಬಿಗಿದಿದ್ದರು. ಬೋಲ್ಟಿನ ಎಳೆಯಲ್ಲಿ ಮಾತ್ರ ಸಂಪರ್ಕ. ಫ್ಯಾನಿನ ಕರೆಂಟು ಅದರಲ್ಲಿ ಹರಿದಾಗ ಇಸಿಯುವಿನ ಅರ್ತ್‌ನ ವೋಲ್ಟ್ ಕೂಡ ಸೊನ್ನೆಯಿಂದ ಮೇಲೇಳುತ್ತಿತ್ತು. ಪೇಂಟ್ ಕೆರೆದು ಬಿಗಿದ ಮೇಲೆ ಆ ಗಾಡಿಯಲ್ಲಿ ಬೇರೆ ಏನೂ ಮುಟ್ಟಬೇಕಾಗಿ ಬರಲಿಲ್ಲ.

ಪರೀಕ್ಷೆ ಹೀಗೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಸಿಯುವಿನ ಅರ್ತ್ ಪಿನ್ನಿಗೆ. ಸೆಲ್ಫ್ ಹೊಡೆಯಿರಿ, ಹೆಡ್‌ಲೈಟ್, ಫ್ಯಾನ್ ಹಾಕಿ. 0.1 ವೋಲ್ಟಿನ ಒಳಗೆ ಇದ್ದರೆ ಒಳ್ಳೆಯದು. 0.2 ದಾಟಿದರೆ ಕೆಲಸ ಉಂಟು. ಓಮ್‌ನಲ್ಲಿ ಅಳೆದು "ಸೊನ್ನೆ ಬಂತು, ಅರ್ತ್ ಸರಿ ಉಂಟು" ಎನ್ನಬೇಡಿ. ಒಂದೇ ಎಳೆ ಉಳಿದ ವೈರ್ ಕೂಡ ಓಮ್‌ನಲ್ಲಿ ಸೊನ್ನೆಯನ್ನೇ ತೋರಿಸುತ್ತದೆ. ಲೋಡ್ ಇರುವಾಗ ಅಳೆದರೆ ಮಾತ್ರ ನಿಜ ಗೊತ್ತಾಗುವುದು.

ಬ್ಯಾಟರಿಯಿಂದ ಎಂಜಿನ್ ಬ್ಲಾಕಿಗೆ ಒಂದು ದಪ್ಪ ಕೇಬಲ್, ಬ್ಲಾಕಿನಿಂದ ಬಾಡಿಗೆ ಒಂದು ಪಟ್ಟಿ, ಇಸಿಯುವಿನ ಅರ್ತ್ ಬ್ಲಾಕಿನ ಮೇಲೆ ತಯಾರಕರು ಕೊಟ್ಟ ಜಾಗದಲ್ಲೇ. ಸೆನ್ಸರ್‌ಗಳ ಅರ್ತ್ ವೈರನ್ನು ಬಾಡಿಗೆ ಕೊಡಬೇಡಿ. ಅದು ಇಸಿಯುವಿನ ಸೆನ್ಸರ್ ಅರ್ತ್ ಪಿನ್ನಿಗೇ ವಾಪಸ್ ಹೋಗಬೇಕು.

ಹಳೆ ಗಾಡಿಯ ಪಂಪ್, ಪೈಪ್ ಹಾಗೇ ಇಟ್ಟುಕೊಂಡ್ರೆ ಆಗ್ತದಾ?

ಆಗುವುದಿಲ್ಲ. ಕಾರ್ಬ್ಯುರೇಟರ್ ಪಂಪ್ ಕೊಡುವುದು 0.2 ರಿಂದ 0.3 ಬಾರ್. ಇಂಜೆಕ್ಟರ್‌ಗೆ ಸುಮಾರು 3 ಬಾರ್ ಬೇಕು. ಪಂಪ್, ಫಿಲ್ಟರ್, ಹೋಸ್, ಕ್ಲಿಪ್ ಎಲ್ಲ ಆ ಒತ್ತಡಕ್ಕೆ ಮಾಡಿದವೇ ಆಗಿರಬೇಕು. ಈಗಿನ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಹೋಸ್ ಉಳಿಸುವ ಮಾತೇ ಬೇಡ. ಪಂಪ್ ರಿಲೇಯನ್ನು ಇಸಿಯುವೇ ನಡೆಸಲಿ. ಎಂಜಿನ್ ನಿಂತ ಕೂಡಲೇ ಪಂಪ್ ನಿಲ್ಲಬೇಕು. ಪಂಪಿಗೆ ನೇರ ಕೀಯಿಂದ ಕರೆಂಟು ಕೊಟ್ಟ ಗಾಡಿಗಳನ್ನು ನೋಡಿದ್ದೇನೆ. ಅಪಘಾತವಾಗಿ ಪೈಪ್ ಒಡೆದರೆ ಆ ಪಂಪ್ ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ವೈರ್ ಜೋಡಿಸಲಿಕ್ಕೆ ಸೋಲ್ಡರಿಂಗ್ ಒಳ್ಳೆಯದಾ, ಕ್ರಿಂಪ್ ಒಳ್ಳೆಯದಾ?

ಎಂಜಿನ್ ಕಡೆ ಕ್ರಿಂಪ್, ಅಂದರೆ ಲೋಹದ ಸಣ್ಣ ಕೊಳವೆಯಲ್ಲಿ ವೈರ್ ಇಟ್ಟು ಒತ್ತಿ ಬಿಗಿಯುವುದು. ಸೋಲ್ಡರ್ ವೈರಿನ ಎಳೆಗಳ ಒಳಗೆ ಏರಿ ಗಟ್ಟಿಯಾಗುತ್ತದೆ. ಅದು ನಿಂತ ಜಾಗದಲ್ಲೇ ಕಂಪನಕ್ಕೆ ವೈರ್ ಮುರಿಯುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಬಳಸಿ. ಬರೀ ಟೇಪ್ ಸುತ್ತಿದ್ದು ನಮ್ಮ ಊರಿನ ಒಂದು ಮಳೆಗಾಲಕ್ಕೂ ಬರುವುದಿಲ್ಲ.

ಎಂಜಿನ್ ಓಡ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಆಲ್ಟರ್ನೇಟರ್ ಹೋಯ್ತಾ?

ಚಾರ್ಜ್ ಲೈಟಿನ ವೈರ್ ಕೊಟ್ಟಿದ್ದೀರಾ? ಹೆಚ್ಚಿನ ಆಲ್ಟರ್ನೇಟರ್‌ಗಳು ಆ ಸಣ್ಣ ಬಲ್ಬಿನ ಮೂಲಕ ಬರುವ ಕರೆಂಟಿನಿಂದಲೇ ಎಚ್ಚರವಾಗುವುದು. ಮೀಟರ್ ಬೋರ್ಡ್ ಬದಲಿಸುವಾಗ ಆ ಬಲ್ಬ್ ಬಿಟ್ಟುಹೋಗಿರುತ್ತದೆ. ಸರಿ ಇದ್ದರೆ ಬ್ಯಾಟರಿ ಮೇಲೆ 13.8 ರಿಂದ 14.4 ವೋಲ್ಟ್ ಕಾಣಬೇಕು.

## ಸೆನ್ಸರ್‌ಗಳು

ಸ್ಕ್ಯಾನರ್ ಸೆನ್ಸರ್ ಹೆಸರು ಹೇಳ್ತದಲ್ಲ, ಅದನ್ನೇ ಬದಲಿಸಿದ್ರೆ ಮುಗೀತಲ್ವಾ?

ಸ್ಕ್ಯಾನರ್ ತೋರಿಸುವ ಕೋಡ್ ಹೇಳುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಎಂದು ಮಾತ್ರ. ಪಿ 0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್. ಆ ಸರ್ಕ್ಯೂಟಿನಲ್ಲಿ ಸೆನ್ಸರ್ ಉಂಟು, ಎರಡು ಮೂರು ವೈರ್ ಉಂಟು, ಎರಡು ಕಪ್ಲರ್ ಉಂಟು. ಎಂಜಿನ್ ಬದಲಿಸಿದ ಗಾಡಿಯಲ್ಲಿ ಹೊಸದಾಗಿ ಕೈ ಹಾಕಿದ್ದು ವೈರ್ ಮತ್ತು ಕಪ್ಲರ್‌ಗೆ. ಸೆನ್ಸರ್ ಹಳೆಯ ಗಾಡಿಯಲ್ಲಿ ಓಡುತ್ತಲೇ ಇತ್ತು. ಹಾಗಾಗಿ ಅನುಮಾನ ಮೊದಲು ನಮ್ಮ ಕೆಲಸದ ಮೇಲೆ ಬರಬೇಕು.

ಮ್ಯಾಪ್, ಥ್ರಾಟಲ್, ಇನ್ನೊಂದು, ಹೀಗೆ ಮೂರು ನಾಲ್ಕು ಸೆನ್ಸರ್ ಕೋಡ್ ಒಟ್ಟಿಗೆ ಬಂದರೆ 5 ವೋಲ್ಟ್ ವೈರ್ ನೋಡಿ. ಹಲವು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟ್ ಹಂಚಿಹೋಗುತ್ತದೆ. ಒಂದು ಶಾರ್ಟ್ ಆದರೆ ಎಲ್ಲವೂ ಮಲಗುತ್ತವೆ. ಮೀಟರನ್ನು ಆ ವೈರಿಗೆ ಹಿಡಿದು ಸೆನ್ಸರ್‌ಗಳ ಕಪ್ಲರ್ ಒಂದೊಂದೇ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ತಪ್ಪು ಅಲ್ಲಿ. ಎಲ್ಲ ಬಿಚ್ಚಿದರೂ ಬರದಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ.

ಟೆಂಪರೇಚರ್ ಸೆನ್ಸರ್ ಸರಿ ಉಂಟಾ ಅಂತ ಮನೆಯಲ್ಲೇ ನೋಡ್ಲಿಕ್ಕೆ ಆಗ್ತದಾ?

ಸುಲಭ. ಇದು ಬಿಸಿಯಾದ ಹಾಗೆ ಪ್ರತಿರೋಧ ಇಳಿಯುವ ಸೆನ್ಸರ್. ಹೆಚ್ಚಿನ ಜಪಾನಿ ಎಂಜಿನ್‌ಗಳಲ್ಲಿ 20 ಡಿಗ್ರಿಯಲ್ಲಿ 2,000 ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಬಿಸಿನೀರಿನ ಪಾತ್ರೆಯಲ್ಲಿ ತುದಿ ಮುಳುಗಿಸಿ, ಥರ್ಮಾಮೀಟರ್ ಇಟ್ಟು ಅಳೆಯಿರಿ. ಅಂಕಿ ನಿಧಾನವಾಗಿ ಇಳಿಯಬೇಕು, ಹಾರಬಾರದು.

ಬಿಚ್ಚದೆ ನೋಡುವ ದಾರಿಯೂ ಉಂಟು. ರಾತ್ರಿಯಿಡೀ ನಿಂತ ಗಾಡಿಯ ಕೀಯನ್ನು ಬೆಳಿಗ್ಗೆ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಸ್ಕ್ಯಾನರ್‌ನಲ್ಲಿ ಕೂಲಂಟ್ ಮತ್ತು ಒಳಗೆ ಹೋಗುವ ಗಾಳಿಯ ಬಿಸಿ ಹೆಚ್ಚು ಕಡಿಮೆ ಒಂದೇ ಇರಬೇಕು. ಮಂಗಳೂರಿನ ಬೆಳಿಗ್ಗೆ ಅದು ಕಾಲ ನೋಡಿ 20 ರಿಂದ 28 ಡಿಗ್ರಿ. ಒಂದು -40 ತೋರಿಸಿದರೆ ಆ ವೈರ್ ತುಂಡಾಗಿದೆ. 130 ದಾಟಿದರೆ ಶಾರ್ಟ್.

ಕ್ರ್ಯಾಂಕ್ ಸೆನ್ಸರ್ ಹೊಸದೇ ಹಾಕಿದೆ. ಆದ್ರೂ ಆರ್‌ಪಿಎಂ ಸೊನ್ನೆ. ಯಾಕೆ?

ಮೊದಲು ಅದು ಯಾವ ಜಾತಿ ಎಂದು ಗೊತ್ತಿರಬೇಕು. ಎರಡು ವೈರ್ ಇದ್ದರೆ ಸಾಮಾನ್ಯವಾಗಿ ಮ್ಯಾಗ್ನೆಟ್ ಸುತ್ತ ತಂತಿ ಸುತ್ತಿದ ವಿಆರ್ ಸೆನ್ಸರ್. ಅದು ತಾನೇ ಎಸಿ ವೋಲ್ಟ್ ಹುಟ್ಟಿಸುತ್ತದೆ. ಮೂರು ವೈರ್ ಇದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್. ಅದಕ್ಕೆ ಕರೆಂಟು, ಅರ್ತ್, ಸಿಗ್ನಲ್ ಬೇಕು. ಕೆಲವು ವಿಆರ್ ಸೆನ್ಸರ್‌ಗಳಲ್ಲಿ ಮೂರನೆಯದು ಬರೀ ಶೀಲ್ಡ್ ಆಗಿರುತ್ತದೆ, ಡಯಾಗ್ರಾಂ ನೋಡಿಕೊಳ್ಳಿ.

ವಿಆರ್ ಆದರೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಾದರೂ ಬರಬೇಕು. ಬರದಿದ್ದರೆ ಹಲ್ಲಿನ ಚಕ್ರದಿಂದ ಸೆನ್ಸರ್ ದೂರ ಇದೆ. ಮಧ್ಯದ ಸಂದಿ ಸುಮಾರು 1 ಮಿಲಿಮೀಟರ್ ಇರಲಿ. ವೋಲ್ಟ್ ಬರುತ್ತಿದೆ, ಎಂಜಿನ್ ಸ್ಟಾರ್ಟ್ ಆದರೂ ತಿರುಗಾ ಮುರುಗಾ ಹೊಡೆಯುತ್ತದೆ ಅಂದರೆ ಎರಡು ವೈರ್ ಅದಲು ಬದಲಾಗಿರಬಹುದು. ವಿಆರ್‌ಗೆ ಪ್ಲಸ್ ಮೈನಸ್ ಮುಖ್ಯ.

ಇನ್ನೊಂದು ಕಾರಣ ಹಲವರಿಗೆ ಹೊಳೆಯುವುದೇ ಇಲ್ಲ. ಹಳೆಯ ಗೇರ್‌ಬಾಕ್ಸ್ ಉಳಿಸಲಿಕ್ಕೆ ಫ್ಲೈವೀಲ್ ಬದಲಿಸಿರುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳು ಇರುವುದೇ ಫ್ಲೈವೀಲ್ ಮೇಲೆ. 60ರಲ್ಲಿ 2 ಹಲ್ಲು ಇಲ್ಲದ ಚಕ್ರಕ್ಕೆ ಬರೆದ ಇಸಿಯುಗೆ 36ರಲ್ಲಿ 1 ಇಲ್ಲದ ಚಕ್ರ ಅರ್ಥವಾಗುವುದಿಲ್ಲ. ಗೇರ್‌ಬಾಕ್ಸ್ ಬಿಗಿಯುವ ಮೊದಲೇ ಹಲ್ಲು ಎಣಿಸಿ. ಆಮೇಲೆ ಎಣಿಸಬೇಕಾದರೆ ಮತ್ತೆ ಎಲ್ಲ ಇಳಿಸಬೇಕು.

ಶೀಲ್ಡ್ ವೈರನ್ನು ಇಸಿಯು ಕಡೆ ಮಾತ್ರ ಅರ್ತ್ ಮಾಡಿ. ಆ ಕೇಬಲ್ ಕಾಯಿಲ್ ಮತ್ತು ಆಲ್ಟರ್ನೇಟರ್ ವೈರ್‌ಗಳಿಂದ ದೂರ ಹೋಗಲಿ.

ಐಡ್ಲಿಂಗ್ ಮೇಲೆ ಕೆಳಗೆ ಆಗ್ತದೆ. ಮ್ಯಾಪ್ ಸೆನ್ಸರ್ ಅಂತ ಒಬ್ರು ಹೇಳಿದ್ರು, ಥ್ರಾಟಲ್ ಸೆನ್ಸರ್ ಅಂತ ಇನ್ನೊಬ್ರು.

ಎರಡನ್ನೂ ಐದು ನಿಮಿಷದಲ್ಲಿ ನೋಡಬಹುದು. ಕೀ ಆನ್, ಎಂಜಿನ್ ಆಫ್. ಸಮುದ್ರ ಮಟ್ಟದಲ್ಲಿರುವ ನಮ್ಮಲ್ಲಿ ಮ್ಯಾಪ್ 100 ಕಿಲೋಪಾಸ್ಕಲ್ ಆಸುಪಾಸು ತೋರಿಸಬೇಕು. ಐಡ್ಲಿಂಗ್‌ನಲ್ಲಿ 30 ರಿಂದ 45. ಥ್ರಾಟಲ್ ಸೆನ್ಸರ್ ಮುಚ್ಚಿದಾಗ 0.5 ವೋಲ್ಟ್ ಹತ್ತಿರ, ಪೂರ್ತಿ ತೆರೆದಾಗ 4.5 ಹತ್ತಿರ. ಪೆಡಲ್ ನಿಧಾನ ಒತ್ತುವಾಗ ಮಧ್ಯದಲ್ಲಿ ಎಲ್ಲೂ ಬೀಳಬಾರದು.

ಎರಡೂ ಸರಿ ಇದ್ದರೆ ಗಾಳಿ ಕಳ್ಳದಾರಿಯಲ್ಲಿ ಹೋಗುತ್ತಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಮುಚ್ಚದೆ ಬಿಟ್ಟ ವ್ಯಾಕ್ಯೂಮ್ ತೂತು, ಬ್ರೇಕ್ ಬೂಸ್ಟರ್ ಹೋಸ್ ನೋಡಿ. ಮ್ಯಾಪ್‌ನ ಹೋಸನ್ನು ಬ್ರೇಕ್ ಬೂಸ್ಟರ್ ಹೋಸಿಗೆ ಟೀ ಹಾಕಿ ಜೋಡಿಸಬೇಡಿ. ಬ್ರೇಕ್ ತುಳಿದಾಗಲೆಲ್ಲ ಅದರ ಲೆಕ್ಕ ತಪ್ಪುತ್ತದೆ.

ಆಕ್ಸಿಜನ್ ಸೆನ್ಸರ್ ಇಲ್ಲದೆಯೂ ಗಾಡಿ ಓಡ್ತದಲ್ಲ, ಬಿಟ್ಟುಬಿಡಬಹುದಾ?

ಓಡುತ್ತದೆ. ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಗೆ ಜಾಸ್ತಿ ಬಿಡುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಹಾಳಾಗುತ್ತದೆ. ಬಿಡಬೇಡಿ. ಮಾಮೂಲಿ ಸೆನ್ಸರ್ ಆದರೆ ಬಿಸಿಯಾದ ಮೇಲೆ 0.1 ಮತ್ತು 0.9 ವೋಲ್ಟಿನ ನಡುವೆ ಬೇಗ ಬೇಗ ಓಡಾಡುತ್ತಿರಬೇಕು. 0.45 ಹತ್ತಿರ ಕದಲದೆ ನಿಂತರೆ ಅದು ಬಿಸಿಯಾಗುತ್ತಿಲ್ಲ, ಹೀಟರ್ ವೈರ್ ನೋಡಿ. ಯಾವಾಗಲೂ ಕೆಳಗೇ ಇದ್ದರೆ ಸೆನ್ಸರ್‌ಗಿಂತ ಮೊದಲು ಸೈಲೆನ್ಸರ್ ಪೈಪಿನ ಬೆಸುಗೆ ನೋಡಿ. ಹೊಸ ಪೈಪಿನ ಸಣ್ಣ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಎಳೆಯಲ್ಪಟ್ಟು "ಪೆಟ್ರೋಲ್ ಸಾಲದು" ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿರಲಿ. ಕೆಳಗೆ ಹಾಕಿದರೆ ಪೈಪಿನಲ್ಲಿ ಕೂಡುವ ನೀರು ಬಿಸಿ ಸೆರಾಮಿಕ್ಕನ್ನು ಒಡೆಯುತ್ತದೆ.

ಸಿಗ್ನಲ್ ಹತ್ರ ಕ್ಲಚ್ ತುಳಿದು ನಿಧಾನ ಮಾಡಿದ್ರೆ ಎಂಜಿನ್ ಆಫ್ ಆಗ್ತದೆ. ನಿಂತಲ್ಲೇ ಆದ್ರೆ ಐಡ್ಲಿಂಗ್ ಚಂದ ಉಂಟು.

ಸ್ಪೀಡ್ ಸೆನ್ಸರ್ ಕೊಟ್ಟಿಲ್ಲ, ಅಲ್ವಾ? ಹಳೆಯ ಗೇರ್‌ಬಾಕ್ಸಿನಲ್ಲಿ ಬರೀ ಸ್ಪೀಡೋಮೀಟರ್ ಕೇಬಲ್ ಇದ್ದರೆ ಇಸಿಯುಗೆ ಗಾಡಿ ಚಲಿಸುವುದು ಗೊತ್ತೇ ಆಗುವುದಿಲ್ಲ. ಉರುಳುತ್ತಾ ಬರುವಾಗ ಐಡ್ಲಿಂಗ್ ಹಿಡಿದಿಡಲು ಬೇಕಾದ ಗಾಳಿಯನ್ನು ಅದು ಕೊಡುವುದಿಲ್ಲ. ಪಿ 0500 ಕೋಡ್ ಕೂಡ ಬಂದಿರುತ್ತದೆ. ಕೇಬಲ್ ಮಧ್ಯೆ ಹಾಕುವ ಪಲ್ಸ್ ಸೆನ್ಸರ್ ಸಿಗುತ್ತದೆ, ಅದನ್ನು ಹಾಕಿ. ಪಂಪ್‌ವೆಲ್ ಸರ್ಕಲ್ಲಿನ ಮಧ್ಯೆ ಎಂಜಿನ್ ನಿಂತು ಬ್ರೇಕ್ ಗಟ್ಟಿಯಾಗುವುದು ಸಣ್ಣ ವಿಷಯ ಅಲ್ಲ.

ಆರ್‌ಪಿಎಂ ಮೀಟರ್ ಅರ್ಧ ತೋರಿಸ್ತದೆ, ಟೆಂಪರೇಚರ್ ಮುಳ್ಳು ಏಳುವುದೇ ಇಲ್ಲ.

ಹಳೆಯ ಮೀಟರ್ ನಾಲ್ಕು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದ ಕಾಲದ್ದು. ಕ್ರ್ಯಾಂಕ್ ಒಂದು ಸುತ್ತಿಗೆ 2 ಪಲ್ಸ್ ನಿರೀಕ್ಷಿಸುತ್ತದೆ. ಎರಡು ಪ್ಲಗ್ಗಿಗೆ ಒಂದು ಕಾಯಿಲ್ ಇರುವ ಎಂಜಿನ್‌ನಲ್ಲಿ ಒಂದು ಕಾಯಿಲ್‌ನಿಂದ ಸಿಗುವುದು 1 ಪಲ್ಸ್. ಇಸಿಯುವಿನಲ್ಲಿ ಟ್ಯಾಕೊ (ಆರ್‌ಪಿಎಂ ಮೀಟರಿನ) ಪಿನ್ ಇದ್ದರೆ ಅದರಿಂದ ತೆಗೆಯಿರಿ. ಟೆಂಪರೇಚರ್ ಮುಳ್ಳಿಗೆ ಹಳೆಯ ಎಂಜಿನ್‌ನ ಒಂದು ವೈರಿನ ಸೆಂಡರನ್ನೇ ಬೇರೆಯಾಗಿ ಹಾಕಿ. ಇಸಿಯುವಿನ ಸೆನ್ಸರ್ ವೈರಿಗೆ ಮೀಟರನ್ನು ಸೇರಿಸಿದರೆ ಎರಡೂ ತಪ್ಪು ತೋರಿಸುತ್ತವೆ.

## ಕಷ್ಟದ ಪ್ರಶ್ನೆಗಳು

ಸ್ಟಾರ್ಟ್ ಆಗ್ತದೆ, ಎರಡು ಸೆಕೆಂಡಲ್ಲಿ ಆಫ್. ಪ್ರತಿ ಸಲ ಹೀಗೇ.

ಅಷ್ಟು ನಿಯಮಿತವಾಗಿ ನಿಲ್ಲುವುದಾದರೆ ಇಮೊಬಿಲೈಸರ್. ಕೀ ಒಳಗಿನ ಚಿಪ್ಪನ್ನು ರಿಂಗ್ ಓದಿ ಇಸಿಯುಗೆ ಹೇಳುತ್ತದೆ. ಉತ್ತರ ಸರಿ ಬರದಿದ್ದರೆ ಅದು ಇಂಜೆಕ್ಟರ್ ನಿಲ್ಲಿಸುತ್ತದೆ. ಇಸಿಯು, ಇಮೊಬಿಲೈಸರ್ ಬಾಕ್ಸ್, ರಿಂಗ್, ಕೀ ಒಂದೇ ಗಾಡಿಯ ಸೆಟ್ ಆದರೆ ಹಾಗೇ ಜೋಡಿಸಿ, ಕೆಲಸ ಮಾಡುತ್ತದೆ. ಹಳೆಯ ಕೀಯಲ್ಲೇ ಸ್ಟಾರ್ಟ್ ಮಾಡಬೇಕಾದರೆ ಅದರ ಒಳಗೆ ಎಂಜಿನ್ ಗಾಡಿಯ ಚಿಪ್ ಹಾಕಿಸಬಹುದು. ಸೆಟ್ ಇಲ್ಲದಿದ್ದರೆ ಇಸಿಯು ಮೆಮೊರಿಗೆ ಕೈ ಹಾಕುವವರ ಹತ್ತಿರ ಹೋಗಬೇಕು. ಎಂಜಿನ್ ಬಿಲ್ ತೋರಿಸದವರಿಗೆ ಆ ಕೆಲಸ ಮಾಡಿಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕ್ಯಾನ್ ವೈರ್ ಎರಡೂ ಕೊಟ್ಟಿದ್ದೇನೆ. ಸ್ಕ್ಯಾನರ್ ಕನೆಕ್ಟ್ ಆಗುವುದೇ ಇಲ್ಲ.

ಕ್ಯಾನ್ ಅಂದರೆ ಗಾಡಿಯ ಬೇರೆ ಬೇರೆ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಎರಡು ವೈರಿನ ಲೈನ್. ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಪೋರ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. 60 ಬರಬೇಕು. ಕ್ಯಾನ್ ಲೈನಿನ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಹೆಚ್ಚಾಗಿ ಒಂದು ಇಸಿಯು ಒಳಗೆ, ಇನ್ನೊಂದು ನೀವು ಗುಜರಿಯಲ್ಲೇ ಬಿಟ್ಟು ಬಂದ ಮೀಟರ್ ಬೋರ್ಡಿನಲ್ಲೋ ಬೇರೆ ಬಾಕ್ಸಿನಲ್ಲೋ. 120 ಬಂದರೆ ಲೈನಿನ ಇನ್ನೊಂದು ತುದಿಯಲ್ಲಿ 120 ಓಮ್ ರೆಸಿಸ್ಟರ್ ಹಾಕಿ. ಎರಡು ವೈರನ್ನು ಒಂದಕ್ಕೊಂದು ಹೆಣೆದು ಒಯ್ಯಿರಿ.

ಲೈನ್ ಸರಿಯಾದ ಮೇಲೂ ಎಬಿಎಸ್ ಇಲ್ಲ, ಬಾಡಿ ಕಂಟ್ರೋಲ್ ಇಲ್ಲ ಎಂಬ ಕೋಡ್‌ಗಳು ಬರುತ್ತವೆ. ಎಂಜಿನ್ ಪೂರ್ತಿ ಶಕ್ತಿ ಕೊಡುತ್ತಿದ್ದರೆ ಅವುಗಳ ಚಿಂತೆ ಬೇಡ.

ಆಕ್ಸಿಲರೇಟರ್ ಕೇಬಲ್ ಇಲ್ಲದ ಎಂಜಿನ್. ಹಳೆ ಪೆಡಲ್‌ಗೆ ಒಂದು ಸೆನ್ಸರ್ ಜೋಡಿಸಿದ್ರೆ ಆಗ್ತದಾ?

ದಯವಿಟ್ಟು ಮಾಡಬೇಡಿ. ಆ ಪೆಡಲಿನಲ್ಲಿ ಎರಡು ಸೆನ್ಸರ್ ಉಂಟು. ಹಲವು ಗಾಡಿಗಳಲ್ಲಿ ಒಂದರ ವೋಲ್ಟ್ ಇನ್ನೊಂದರ ಎರಡರಷ್ಟು. ಇಸಿಯು ಎರಡನ್ನೂ ಹೋಲಿಸಿ ನೋಡುತ್ತಲೇ ಇರುತ್ತದೆ, ಹೊಂದದಿದ್ದರೆ ಶಕ್ತಿ ಇಳಿಸುತ್ತದೆ. ಇದು ಗಾಡಿ ತಾನಾಗಿ ರೇಸ್ ಆಗದಂತೆ ಇರುವ ಕಾವಲು. ಅದೇ ಎಂಜಿನ್‌ನ ಪೆಡಲ್ ತಂದು, ಅದೇ ಕೋನದಲ್ಲಿ ಬಿಗಿದು, ವೈರನ್ನು ತುಂಡು ಮಾಡದೆ ಕೊಡಿ.

ಡೀಸೆಲ್ ಕಾಮನ್ ರೈಲ್ ಎಂಜಿನ್ ಹಾಕಿದ್ರೆ ಬೇರೆ ಎಂತ ನೋಡಬೇಕು?

ಕಾಮನ್ ರೈಲ್ ಅಂದರೆ ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ (ರೈಲ್) ಜೋರು ಒತ್ತಡದ ಡೀಸೆಲ್ ಹೋಗುವ ವ್ಯವಸ್ಥೆ. ಇಂಜೆಕ್ಟರ್ ಮೇಲೆ ಒಂದು ಕೋಡ್ ಕೆತ್ತಿರುತ್ತದೆ. ಇಸಿಯು ಅಥವಾ ಇಂಜೆಕ್ಟರ್ ಬದಲಾದರೆ ಯಾವ ಸಿಲಿಂಡರಿನಲ್ಲಿ ಯಾವ ಕೋಡ್ ಎಂದು ಸ್ಕ್ಯಾನರ್‌ನಿಂದ ಬರೆಯಬೇಕು, ಇಲ್ಲದಿದ್ದರೆ ಎಂಜಿನ್ ಒರಟಾಗಿ ಹೊಡೆಯುತ್ತದೆ. ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುತ್ತಾ ರೈಲ್ ಒತ್ತಡ ನೋಡಿ. ಅದು ಏರದೆ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ಹಳೆಯ ಡೀಸೆಲ್‌ನ ಹಾಗೆ ಎಂಜಿನ್ ತಿರುಗುವಾಗ ಇಂಜೆಕ್ಟರ್ ಪೈಪ್ ಸಡಿಲಿಸಿ ಗಾಳಿ ತೆಗೆಯಬೇಡಿ. 1,600 ಬಾರ್ ತನಕ ಏರುವ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮದ ಒಳಗೇ ಹೋಗುತ್ತದೆ. ಹಾಗಾದರೆ ಕೈ ತೊಳೆದು ಕೂರುವ ಹಾಗಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಕಂಪನಿ ಇಸಿಯು ತಲೆಬಿಸಿ ಬೇಡ. ಮೆಗಾಸ್ಕ್ವಿರ್ಟ್, ಸ್ಪೀಡುವಿನೊ ಹಾಕಿದ್ರೆ ಸುಲಭ ಅಲ್ವಾ?

ಇವು ಪೆಟ್ರೋಲ್ ಮತ್ತು ಸ್ಪಾರ್ಕಿನ ಅಂಕಿಗಳನ್ನು ನಾವೇ ತುಂಬಿಸಬೇಕಾದ ಇಸಿಯುಗಳು. ವೈರಿಂಗ್ ಸುಲಭವಾಗುತ್ತದೆ, ಆ ಅಂಕಿ ಕೂರಿಸುವ ಟ್ಯೂನಿಂಗ್ ಕಷ್ಟವಾಗುತ್ತದೆ. ಕಂಪನಿಯ ಇಸಿಯು ಒಳಗೆ ತಣ್ಣನೆ ಸ್ಟಾರ್ಟ್, ಎಸಿ ಹಾಕಿದಾಗಿನ ಐಡ್ಲಿಂಗ್, ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಸಿಡಿದು ಟಕಟಕ ಸದ್ದು ಬರುವುದು) ತಡೆಯುವುದು ಎಲ್ಲ ತಯಾರಾಗಿಯೇ ಬಂದಿದೆ. ಎಂಜಿನ್ ಒಳಗೆ ಏನೂ ಬದಲಿಸದಿದ್ದರೆ ಅದನ್ನೇ ಬಳಸಿ. ಕ್ಯಾಮ್ ಬದಲಿಸಿದ್ದರೆ, ಟರ್ಬೊ ಹಾಕಿದ್ದರೆ, ಇಮೊಬಿಲೈಸರ್ ಸೆಟ್ ಸಿಗದೇ ಇದ್ದರೆ ಬೇರೆ ಇಸಿಯು ಸರಿ. ಆಗ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಗಾಳಿ ಪೆಟ್ರೋಲ್ ಪ್ರಮಾಣವನ್ನು ಅಂಕಿಯಲ್ಲೇ ತೋರಿಸುವುದು) ಬೇಕೇ ಬೇಕು. ಕಿವಿಯಿಂದ ಕೇಳಿ ಟ್ಯೂನ್ ಮಾಡಲಿಕ್ಕೆ ಹೋದರೆ ಪಿಸ್ಟನ್ ಕರಗುತ್ತದೆ.

ಮಳೆಗಾಲ ಶುರುವಾದ ಕೂಡ್ಲೆ ಒಂದೊಂದೇ ತೊಂದರೆ. ಬೇಸಿಗೆಯಲ್ಲಿ ಏನೂ ಇರಲಿಲ್ಲ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಜೊತೆ ಉಪ್ಪಿನ ಗಾಳಿ. ಮಲ್ಪೆ, ಪಣಂಬೂರು ಕಡೆ ನಿಲ್ಲುವ ಗಾಡಿಯ ಕಪ್ಲರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು ಕಾಣುತ್ತದೆ. ಎಂಜಿನ್ ಬದಲಿಸುವಾಗ ಕಪ್ಲರ್ ಒಳಗಿನ ರಬ್ಬರ್ ಸೀಲ್ ಬಿದ್ದುಹೋಗಿರುತ್ತದೆ, ಖಾಲಿ ಪಿನ್ ತೂತು ಮುಚ್ಚದೆ ಬಿಟ್ಟಿರುತ್ತಾರೆ. ನೀರು ಹೋಗುವುದು ಅಲ್ಲಿಂದಲೇ. ಮೇ ತಿಂಗಳಲ್ಲಿ ಒಮ್ಮೆ ಎಲ್ಲ ಕಪ್ಲರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಮುಚ್ಚಿ.

ಇಸಿಯುವನ್ನು ಕಾಲಡಿಯಲ್ಲಿ ಇಡಬೇಡಿ. ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ದಿನ ಅದೇ ಮೊದಲು ಮುಳುಗುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಎತ್ತರದಲ್ಲಿ, ಕಪ್ಲರ್ ಕೆಳಮುಖವಾಗಿ ಇರಲಿ. ವೈರ್ ಸ್ವಲ್ಪ ಕೆಳಗೆ ಜೋತು ಆಮೇಲೆ ಮೇಲೇರಿ ಇಸಿಯುಗೆ ಹೋಗಲಿ. ಆಗ ಹರಿದು ಬಂದ ನೀರು ಆ ಬಗ್ಗಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ.

ಬೆಂಗಳೂರಲ್ಲಿ ಟ್ಯೂನ್ ಮಾಡಿಸಿ ತಂದೆ. ಅಲ್ಲಿ ಚಂದ ಇತ್ತು, ಇಲ್ಲಿ ಬಂದ ಮೇಲೆ ನಾಕಿಂಗ್ ಬರ್ತದೆ. ಇದು ಹೇಗೆ?

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಇಲ್ಲಿ 101. ಅಂದರೆ ಘಾಟಿ ಇಳಿದ ನಿಮ್ಮ ಎಂಜಿನ್ ಒಂದು ಉಸಿರಿಗೆ ಹತ್ತು ಶೇಕಡಾ ಜಾಸ್ತಿ ಗಾಳಿ ಎಳೆಯುತ್ತಿದೆ. ಮ್ಯಾಪ್ ಸೆನ್ಸರ್ ನೋಡಿ ಲೆಕ್ಕ ಹಾಕುವ ಟ್ಯೂನ್ ಆದರೆ ಅದು ಇದನ್ನು ಗಮನಿಸುತ್ತದೆ. ಆದರೂ ಇಸಿಯು ಒಳಗಿನ ಪೆಟ್ರೋಲ್ ಪಟ್ಟಿಯಲ್ಲಿ 95 ರಿಂದ 100 ಕಿಲೋಪಾಸ್ಕಲ್ ಒತ್ತಡದ ಸಾಲುಗಳನ್ನು ಬೆಂಗಳೂರಿನಲ್ಲಿ ಯಾರೂ ಮುಟ್ಟಿಯೇ ಇರುವುದಿಲ್ಲ, ಏಕೆಂದರೆ ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಆ ಸಾಲಿಗೆ ಹೋಗುವುದೇ ಇಲ್ಲ. ಆ ಸಾಲುಗಳಲ್ಲಿ ಇರುವುದು ಅಂದಾಜಿನ ಅಂಕಿಗಳು. ಬರೀ ಥ್ರಾಟಲ್ ತೆರೆದ ಪ್ರಮಾಣ ನೋಡಿ ಪೆಟ್ರೋಲ್ ಕೊಡುವ ಟ್ಯೂನ್ ಆದರೆ ಇನ್ನೂ ಕಷ್ಟ. ಗಾಳಿ ಜಾಸ್ತಿಯಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಪೆಟ್ರೋಲ್ ಅಷ್ಟೇ ಕೊಡುತ್ತದೆ. ಅದರಿಂದ ನಾಕಿಂಗ್.

ಮೊದಲು ಪೂರ್ತಿ ಥ್ರಾಟಲ್ ಕೊಡುವುದನ್ನು ನಿಲ್ಲಿಸಿ. ಟ್ಯೂನ್ ಮಾಡಿದವರಿಗೆ ಹೇಳಿ ಕೊನೆಯ ಸಾಲುಗಳಲ್ಲಿ ಪೆಟ್ರೋಲ್ ಸ್ವಲ್ಪ ಏರಿಸಿ, ಸ್ಪಾರ್ಕ್ ಟೈಮಿಂಗ್ ಎರಡು ಮೂರು ಡಿಗ್ರಿ ಇಳಿಸಿ. ಸಮುದ್ರ ಮಟ್ಟದ ಅಂಕಿಗಳನ್ನು ಇಲ್ಲೇ ವೈಡ್‌ಬ್ಯಾಂಡ್ ಹಾಕಿ ಸರಿಮಾಡಿಸಿ. ಕಾಗದಪತ್ರ ಸರಿ ಇರುವ ಗಾಡಿಯಾದರೆ ಆಮೇಲೆ ಒಂದು ಬೆಳಿಗ್ಗೆ ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ. ಪಕ್ಕದಲ್ಲಿ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಲಾಗ್ ಮಾಡಲಿ. ಮೇಲೆ ಸುಮಾರು 640 ಮೀಟರ್ ಎತ್ತರದಲ್ಲಿ ಎಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು ನೋಡಿದರೆ ಮ್ಯಾಪ್ 94 ಹತ್ತಿರ ತೋರಿಸಬೇಕು. ಕೆಳಗೆ 101, ಮೇಲೆ 94 ಬಂತು, ಎರಡೂ ಕಡೆ ವೈಡ್‌ಬ್ಯಾಂಡ್ ಅಂಕಿ ಒಂದೇ ಇತ್ತು ಎಂದಾದರೆ ಆ ಟ್ಯೂನನ್ನು ಎರಡು ಕಡೆ ಕಾಪಿ ಮಾಡಿಟ್ಟುಕೊಳ್ಳಿ.